ಹೆಸರು ಹೇಳದವಳ ಎಂ.ಆರ್.ಐ.

ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆ ಎಂದು ಮೊದಲು ಹೇಳಿದ ಮಹಾನುಭಾವರು ಒಮ್ಮೆ ನನ್ನ ಕೈಗೆ ಸಿಕ್ಕಬೇಕು. ಹೆಸರು ಹಿಡಿದು ಕೂಗಿದರೆ ಮನುಷ್ಯ ಸಾಯುವುದಾಗಿದ್ದರೆ ಗ್ಯಾಸ್ ಏಜೆನ್ಸಿಯವರು, ಬ್ಯಾಂಕಿನವರು, ವೋಟು ಕೇಳಲು ಬರುವವರು ಎಲ್ಲ ಸೇರಿ ನನ್ನನ್ನು ಎಂದೋ ಮುಗಿಸಿಬಿಡಬೇಕಾಗಿತ್ತು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಆದರೂ ನನ್ನ ಹೆಂಡತಿ ಜಯಮ್ಮ ಮದುವೆಯಾದಂದಿನಿಂದ ನನ್ನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಒಗಟು ಹೇಳಿಸಿದ ದಿನವೂ ಒಗಟನ್ನೆಲ್ಲ ಹೇಳಿ, ಹೆಸರು ಬರುವ ಹೊತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಾಗೆಂದು ನನ್ನದೇನೂ ಅಪರೂಪದ ಹೆಸರಲ್ಲ. ಸಂಪಿಗೆ ಊರಿನ ಶ್ರೀನಿವಾಸ ದೇವರ ದಯೆಯಿಂದ ನಮ್ಮ ಸೀಮೆಯಲ್ಲಿ ಬೀದಿಗೆ ನಾಲ್ಕು ಜನ ಶ್ರೀನಿವಾಸರು ಸಿಗುತ್ತಾರೆ, ಅವರಲ್ಲಿ ನಾನೂ ಒಬ್ಬ. ಊರಿಗೆ ನಾನು ಮೇಷ್ಟ್ರು, ಅವಳಿಗೆ ಬರೀ ‘ರೀ’. ನನ್ನ ದೆಸೆಯಿಂದ ಆ ದೇವರಿಗೂ ಹೆಸರಿಲ್ಲದಂತಾಗಿದೆ, ಅವನು ‘ಸಂಪಿಗೆ ಸ್ವಾಮಿ’. ಯಾರಾದರೂ ಯಜಮಾನರ ಹೆಸರೇನು ಎಂದು ಕೇಳಿದರೆ ಎರಡೂ ಕೈ ಎತ್ತಿ ಮುಗಿದು ತೋರಿಸುತ್ತಾಳೆ. ಕೇಳಿದವರು ಅರ್ಥ ಮಾಡಿಕೊಳ್ಳಬೇಕು.

ಮೊನ್ನೆ ಒಂದು ಬೆಳಿಗ್ಗೆ ಚಟ್ನಿಗೆ ಕಾಯಿ ತುರಿಯುತ್ತಿದ್ದವಳ ಕೈಯಿಂದ ಹೋಳು ಜಾರಿ ಉರುಳಿತು. ಎತ್ತಿಕೊಂಡಳು, ಮತ್ತೆ ಜಾರಿತು. “ಏನೇ ಅದು?” ಎಂದೆ. “ಜೋಮು ಹಿಡ್ದದೆ ಬುಡ್ರೀ, ಕೈ ಮೇಲೆ ಮಲ್ಗಿದ್ನಲ್ಲ” ಎಂದಳು. ಹೆದರಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಹುಟ್ಟುಗುಣ. ಅವಳ ಮೇಲೆ ರೇಗಿದೆ, ತೆಂಗಿನಕಾಯಿಯ ಮೇಲೆ ರೇಗಿದೆ, ಕಾರು ತಗೊಂಡು ಬಾ ಎಂದು ದಂಡಿನಶಿವರದಲ್ಲಿರುವ ನನ್ನ ಭಾಮೈದ ಪರಮೇಶನ ಮೇಲೆ ಫೋನಿನಲ್ಲೇ ರೇಗಿದೆ. ಪರಮೇಶ ಕೊಬ್ಬರಿ ವ್ಯಾಪಾರಿ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ನೀರೆಷ್ಟಿದೆ, ಕೊಬ್ಬರಿಯಾಗಿದೆಯೋ ಕೊಳೆತಿದೆಯೋ ಎಂದು ಹೇಳಿಬಿಡುತ್ತಾನೆ. ಅದರಿಂದಾಗಿ, ಪ್ರಪಂಚದಲ್ಲಿ ಯಾವುದರ ಒಳಗೆ ಏನಿದ್ದರೂ ತನಗೆ ಗೊತ್ತು ಎಂದುಕೊಂಡಿದ್ದಾನೆ. ತುಮಕೂರಿನ ಆಸ್ಪತ್ರೆ ಮುಟ್ಟುವವರೆಗೂ ಅವನದು ಒಂದೇ ರಾಗ: “ಪಿತ್ತ ಕೆದರದೆ ಭಾವ, ನಿಂಬೆಹಣ್ಣಿನ್ ಪಾನಕ ಕುಡ್ಸಿದ್ರೆ ಹೊಂಟೋಗದು.” ನೀನು ರಸ್ತೆ ನೋಡಪ್ಪ ಎಂದೆ.

ಆಸ್ಪತ್ರೆಯಲ್ಲಿ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿದರು. ರಕ್ತಸ್ರಾವ ಇಲ್ಲ, ಬೇರೇನೂ ಕಾಣಿಸುತ್ತಿಲ್ಲ ಎಂದರು. ಪರಮೇಶ ಕಾರಿನ ಕೀಲಿ ತಿರುಗಿಸುತ್ತ ಎದ್ದೇಬಿಟ್ಟ. “ನಾನು ಹೇಳ್ಲಿಲ್ವಾ? ನಡೀರಿ ಹೋಗನ.” ಜಯಮ್ಮನೂ ಅವನ ಕಡೆಗೇ ಸೇರಿಕೊಂಡಳು. “ಈಗ ಸರ್ಯಾಗದೆ ಕಣ್ರೀ. ಹಸುಗೆ ನೀರಿಡೋರು ಯಾರೂ ಇಲ್ಲ” ಎಂದು ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ನನಗೂ ಒಂದು ಗಳಿಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ ಒಬ್ಬರು ಬಂದು, “ಅಮ್ಮಾ, ನಿಮ್ಮ ಯಜಮಾನ್ರ ಹೆಸ್ರೇನು?” ಎಂದು ಕೇಳಿದರು. ಜಯಮ್ಮ ಸುಮ್ಮನೆ ನಕ್ಕಳು. ಡಾಕ್ಟರಮ್ಮ ಇನ್ನೊಮ್ಮೆ ಕೇಳಿದರು. ಇವಳು ಇನ್ನೊಮ್ಮೆ ನಕ್ಕಳು. “ಮಾತು ಬರ್ತಿಲ್ವಾ ಇವರಿಗೆ?” ಎಂದು ಡಾಕ್ಟರಮ್ಮ ಗಾಬರಿಯಾದರು. “ಬರ್ತದೆ ಮೇಡಂ, ದಿನವಿಡೀ ಬರ್ತದೆ! ಇದೊಂದು ಹೆಸ್ರು ಬರಲ್ಲ!” ಎಂದು ಕೂಗಿದೆ. “ಹೇಳೇ! ಇವತ್ತಾದ್ರೂ ಹೇಳೇ! ಸತ್ರೆ ಸಾಯೋನು ನಾನು ತಾನೆ!” ಆಗ ಅವಳು, ಗಂಡನ ಅರಚಾಟ ನಿಲ್ಲಲಿ ಎಂದೋ ಏನೋ, ಎಂದಿನ ಹಾಗೆ ಕೈ ಮುಗಿಯಲು ಹೋದಳು. ಎಡಗೈ ಎದೆಯವರೆಗೆ ಬಂತು. ಬಲಗೈ ಮಡಿಲಲ್ಲೇ ಉಳಿಯಿತು. ಬಾರದ ಆ ಕೈಯನ್ನು ಅವಳೂ ಬಗ್ಗಿ ನೋಡಿದಳು. ಪರಮೇಶ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಡಾಕ್ಟರಮ್ಮ ನಿಂತುಕೊಂಡೇ ವಿಷಯ ತಿಳಿಸಿದರು. ಮೆದುಳಿಗೆ ರಕ್ತ ನಿಂತ ಹೊಸದರಲ್ಲಿ ಸಿ.ಟಿ.ಯಲ್ಲಿ ಏನೂ ಕಾಣದೆ ಇರಬಹುದಂತೆ. ಅದಕ್ಕೆ ಡಿಫ್ಯೂಷನ್ ಎಂ.ಆರ್.ಐ. ಮಾಡಬೇಕಂತೆ. ಮೆದುಳಿನೊಳಗಿನ ನೀರು ಸದಾ ಅತ್ತಿತ್ತ ಓಡಾಡುತ್ತಿರುತ್ತದೆ. ರಕ್ತ ಸಿಗದ ಕಡೆ ಜೀವಕೋಶಗಳು ಊದಿಕೊಂಡು ನೀರಿಗೆ ಓಡಾಡಲು ಜಾಗವಿರುವುದಿಲ್ಲ. ಆ ಜಾಗ ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. “ಓ, ನೀರು ಅಲ್ಲಾಡ್ತದಾ ಇಲ್ವಾ ಅಂತ ನೋಡೋದು! ನಾವು ಕಾಯಿ ಅಲ್ಲಾಡ್ಸಿ ನೋಡ್ದಂಗೆ!” ಎಂದ ಪರಮೇಶ. “ನಿಮ್ಮಕ್ಕನ ತಲೆ ಕಾಯಿ ಅಲ್ಲ ಕಣ್ಲಾ!” ಎಂದೆ. ಡಾಕ್ಟರಮ್ಮ ಮಾತ್ರ ಹೆಚ್ಚುಕಮ್ಮಿ ಹಾಗೇ ಎಂದುಬಿಟ್ಟರು. ನನ್ನ ಸಿಟ್ಟು ಇನ್ನಷ್ಟು ಏರಿತು. ಲೋಹದ ಒಡವೆ ಒಂದೂ ಇರಬಾರದು ಎಂದದ್ದಕ್ಕೆ ಜಯಮ್ಮ ಮೂಗುಬೊಟ್ಟು, ಕಾಲುಂಗುರ, ಕೊನೆಗೆ ತಾಳಿಯನ್ನೂ ಮಾತಿಲ್ಲದೆ ತೆಗೆಸಿಕೊಂಡಳು. ಎಲ್ಲವನ್ನೂ ನನ್ನ ಅಂಗಿಯ ಜೇಬಿಗೆ ಹಾಕಿದರು. ಕತ್ತಿನ ತಾಳಿ ತೆಗೆಯಬಹುದು, ಹೆಸರು ಮಾತ್ರ ಹೇಳಬಾರದು. ಇದು ಎಲ್ಲಿಯ ಶಾಸ್ತ್ರ, ನೀವೇ ಹೇಳಿ.

ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಮೊಗಸಾಲೆಯ ಆ ತುದಿಯಲ್ಲಿ ಪರಮೇಶನನ್ನು ಹಿಡಿದುಕೊಂಡೆ. ಅವನ ಪಿತ್ತ, ಅವನ ಪಾನಕ, ಅವನ ವಂಶ ಎಲ್ಲವನ್ನೂ ಜಾಲಾಡಿದೆ. ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಎಂದು ಸಾಲಾಗಿ ಬಾಗಿಲುಗಳಿದ್ದವು, ಜನ ಕಿಕ್ಕಿರಿದಿದ್ದರು. ಯಾವುದೋ ಬಾಗಿಲು ತೆರೆದಾಗ ಸ್ಪೀಕರಿನಲ್ಲಿ ಒಂದು ಹೆಂಗಸಿನ ದನಿ ಗರಗರ ಎಂದು ಕೇಳಿಸಿತು. “ಶ್ರೀನಿವಾಸಾ... ಶ್ರೀನಿವಾಸಾ...” ಅಳುವಿನಂತಿತ್ತು. ನನ್ನ ಎದೆ ಚುರುಕ್ ಎಂದಿತು. ಎದೆ ಚುರುಕ್ ಎಂದಮೇಲೆ ಎಂದಿನಂತೆ ಸಿಟ್ಟು ಬಂತು. “ಯಾರ್ರೀ ಅವನು ಶ್ರೀನಿವಾಸ? ಹೆಣ್ಮಗಳು ಹಂಗೆ ಕೂಗ್ತಾವ್ಳೆ, ಎಲ್ಲಿ ಹಾಳಾಗ್ ಹೋಗವ್ನೆ? ಬೀಡಿ ಸೇದಕ್ಕೆ ಹೋಗಿರ್ತಾನೆ, ಮನೆಹಾಳ! ಇಂಥೋರಿಗೆಲ್ಲ ಯಾಕ್ರೀ ಸಂಸಾರ?” ಎಂದು ಇಡೀ ಮೊಗಸಾಲೆಗೆ ಕೇಳುವಂತೆ ಬೈದೆ. ಕೂತಿದ್ದವರು ಹೌದು ಹೌದು ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಎಂ.ಆರ್.ಐ. ಬಾಗಿಲಲ್ಲಿ ನಿಂತಿದ್ದ ಹುಡುಗಿ, “ಜಯಮ್ಮನ ಕಡೆಯವ್ರು ಬನ್ರೀ” ಎಂದಳು. ಪರಮೇಶ ನನ್ನ ಮುಖವನ್ನೇ ನೋಡುತ್ತಿದ್ದ. “ಭಾವ, ಅದು ನೀವೇ ಅಲ್ವಾ?” ಎಂದ, ಮೆಲ್ಲಗೆ.

ಭಯವಾದರೆ ಒತ್ತಿ ಎಂದು ಅವಳ ಕೈಗೆ ಒಂದು ರಬ್ಬರ್ ಚೆಂಡು ಕೊಟ್ಟಿದ್ದರಂತೆ. ಅಭ್ಯಾಸಬಲದಿಂದ ಬಲಗೈಗೇ ಕೊಟ್ಟಿದ್ದರು. ಒತ್ತಲು ಆಗಿಲ್ಲ. ಆ ಗದ್ದಲದ ಕೊಳವೆಯೊಳಗೆ ಮಲಗಿ, ಬೇರೆ ದಾರಿ ಕಾಣದೆ ನನ್ನನ್ನು ಕರೆದಿದ್ದಾಳೆ. ಅದನ್ನು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚುಮರೆಯೇನು. ಅವಳು ಕೂಗುವ ಮೊದಲೇ ಡಿಫ್ಯೂಷನ್ ಚಿತ್ರವನ್ನು ತೆಗೆದಾಗಿತ್ತು. ಎಡಮೆದುಳಿನಲ್ಲಿ ಬೆಳ್ಳನೆಯ ಒಂದು ಚುಕ್ಕೆ. ಹೊತ್ತಿಗೆ ಸರಿಯಾಗಿ ಔಷಧಿ ಬಿತ್ತು. ಸಂಜೆಯ ವೇಳೆಗೆ ಬೆರಳುಗಳು ಅಲ್ಲಾಡತೊಡಗಿದವು. ವಾರ್ಡಿನಲ್ಲಿ ಮಲಗಿದ್ದವಳು ಅದೇ ಕೈಯನ್ನು ನಿಧಾನವಾಗಿ ನನ್ನ ಕಡೆ ಚಾಚಿ ಕೇಳಿದಳು.

“ಅಲ್ಲಾ, ಬಾಗ್ಲಾಚೆ ಯಾರ್ಗೋ ಹಂಗ್ ಬೈತಿದ್ರಲ್ಲ ನೀವು? ಒಳಗಿನ್ಗಂಟ ನಿಮ್ ದನಿ ಕೇಳುಸ್ತು. ಯಾರ್ರೀ ಅವನು?”

“ಯಾರೋ ಒಬ್ಬ” ಎಂದೆ. “ಅವನ ಹೆಸ್ರು ಹೇಳ್ಬಾರ್ದು ಬುಡು.”