ಜ್ವಂಕೋಲ ಎಂದರೇನು?

ಅಡುಗೆಮನೆಯ ಕಿಟಕಿ ಮುಚ್ಚದೆ ಭಾಷಣ ಅಭ್ಯಾಸ ಮಾಡಿದ್ದೇ ಟುಲ್ಲಿಯೊ ಬ್ರೆಸ್ಸಾನ್‌ಗೆ ಮುಳುವಾಯಿತು. ಇಟಲಿಯ ಗಡಿಯ ಬಂದರೂರು ಟ್ರಿಯೆಸ್ತೆಯಲ್ಲಿ ಹನ್ನೊಂದು ವರ್ಷದಿಂದ ಅವನು ಇಟಾಲಿಯನ್ ಸಾಹಿತ್ಯದ ಹಂಗಾಮಿ ಅಧ್ಯಾಪಕ. ಅಂದು ನಾಲ್ಕು ಗಂಟೆಗೆ ಖಾಯಂ ಹುದ್ದೆಯ ಸಂದರ್ಶನ.

ಅವನ ಬಂಡವಾಳವೆಲ್ಲ ಒಂದೇ ಪದ. ಊರಿನ ದಿವಂಗತ ಕಾದಂಬರಿಕಾರನೊಬ್ಬನ ಕೊನೆಯ ಪುಸ್ತಕದಲ್ಲಿ ನಾಯಕಿ 'ಜ್ವಂಕೋಲ ಹಿಡಿದು ಬಂದರಿನಲ್ಲಿ ನಿಂತಳು' ಎಂದಿತ್ತು. ಬೇರೆಲ್ಲೂ ಸಿಗದ ಆ ಪದದಲ್ಲಿ ಮೂರು ಭಾಷೆಗಳು ಅಪ್ಪಿಕೊಂಡು ಅಳುತ್ತಿವೆ ಎಂದು ಟುಲ್ಲಿಯೊ ನಾನೂರು ಪುಟ ಬರೆದಿದ್ದ.

"ಮೇಷ್ಟ್ರೇ, ಅಳೋದೂ ಇಲ್ಲ, ಅಪ್ಕೊಳ್ಳೋದೂ ಇಲ್ಲ!" ಎದುರು ಕಿಟಕಿಯಿಂದ ಮೀನು ಮಾರುವ ಇಯೋಲಾಂಡ ಕೂಗಿದಳು. "ನಮ್ಮ ಇಸ್ತ್ರಿಯಾ ಕಡೆ ಜ್ವಂಕೋಲ ಅಂದ್ರೆ ಮೀನಿನ ಬುಟ್ಟಿ!"

"ಸುಮ್ನಿರಮ್ಮ," ಮೇಲಿನಿಂದ ನಿವೃತ್ತ ರೈಲ್ವೆ ಗಾರ್ಡ್ ಎಗೊನ್ ಗುಡುಗಿದ. "ಅದು ಜರ್ಮನ್. ನಮ್ಮಜ್ಜ ಕಂದೀಲಿಗೆ ಹಾಗನ್ನೋರು."

"ನಿಮ್ಮಜ್ಜ ಕುಡಿದ್ಮೇಲೆ ಬೆಕ್ಕಿಗೂ ಹಾಗೇ ಅಂತಿದ್ರಂತೆ!"

ಜಗಳ ಅಂಗಳಕ್ಕಿಳಿಯಿತು. ರಾಜಿ ಮಾಡಿಸಲು ಟುಲ್ಲಿಯೊ ಅರ್ಧ ಗಡ್ಡ ಕೆರೆದ ಮುಖದಲ್ಲೇ, ಪುಸ್ತಕ ಹಿಡಿದು ಓಡಿದ. ಇಟಾಲಿಯನ್, ಜರ್ಮನ್, ಸ್ಲೊವೀನ್ ಬೈಗುಳಗಳು ತಲೆಯ ಮೇಲೆ ಹಾರಾಡುತ್ತಿದ್ದವು. ಸಾಕ್ಷಿಗೆಂದು ಇಯೋಲಾಂಡ ಎತ್ತಿ ಹಿಡಿದ ಬುಟ್ಟಿ ಮಗುಚಿತು. ಅವನಿಗಿದ್ದ ಒಂದೇ ಒಳ್ಳೆಯ ಕೋಟು ಬೂತಾಯಿ ಮೀನಿನ ಅಂಗಡಿಯಂತೆ ನಾರತೊಡಗಿತು.

"ಇಲ್ಲಿ ಕೊಡಪ್ಪಾ ಆ ಪುಸ್ತಕ," ಎಂದಳು ಕಲ್ಲುಬೆಂಚಿನ ಮೇಲಿದ್ದ ತೊಂಬತ್ತೊಂದರ ಒಂಡಿನಜ್ಜಿ. ಹಾಳೆಯ ಮೇಲೆ ಬೆರಳಾಡಿಸಿದವಳು ಕಿಸಕ್ಕನೆ ನಕ್ಕಳು. "ಅಚ್ಚುಕೂಟದಲ್ಲಿ ಇದನ್ನ ಜೋಡಿಸ್ದೋಳು ನಾನೇ. ಬೆಳಿಗ್ಗೆ ಇಟಾಲಿಯನ್ ಪತ್ರಿಕೆ, ಮಧ್ಯಾಹ್ನ ಸ್ಲೊವೀನ್ ಪಂಚಾಂಗ, ಸಂಜೆ ಜರ್ಮನ್ ಸಾವಿನ ಸುದ್ದಿ. ಅಚ್ಚಿನ ಮೊಳೆಗಳ್ನ ಉಲ್ಟಾ ಓದ್ತಾ ಜೋಡಿಸ್ಬೇಕು. ಆವತ್ತು ಬೋರಾ ಗಾಳಿ ಬಾಗಿಲು ಒದ್ದು ಮೊಳೆಗಳ್ನೆಲ್ಲ ಚೆಲ್ಲಿಬಿಡ್ತು. ಬಾಚಿ ತುಂಬಿದೆ. ಅಲ್ಲಿ ಇರ್ಬೇಕಾಗಿದ್ದು 'ಛತ್ರಿ' ಅಂತ."

ಟುಲ್ಲಿಯೊಗೆ ನಾನೂರು ಪುಟ ಹೋಯಿತೆಂಬ ದುಃಖ ಏಕೋ ಬರಲೇ ಇಲ್ಲ. ಮೂರು ಭಾಷೆಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಓದಿದ ಆ ಕಣ್ಣುಗಳನ್ನು, ಸೀಸದ ಕರೆ ಇನ್ನೂ ಹೋಗದ ಆ ಬೆರಳುಗಳನ್ನು ಬೆರಗಾಗಿ ನೋಡಿದ. ತಾನು ಬದುಕಿಡೀ ಓದಿದ್ದು ಈಕೆಯ ಕೈಯೊಳಗಿತ್ತಲ್ಲ! ಬಗ್ಗಿ ಆ ಕೈಗೆ ಮುತ್ತಿಟ್ಟ.

"ಬಾಯಿ ಮುಚ್ಕೊಂಡಿರಿ, ಮೇಷ್ಟ್ರೇ. ಹುದ್ದೆ ಸಿಗ್ಲಿ ಮೊದ್ಲು," ಇಯೋಲಾಂಡ ಪಿಸುಗುಟ್ಟಿದಳು.

ಬಾಯಿ ಮುಚ್ಚಿಕೊಂಡಿರಲು ಅವನಿಂದ ಆಗಲಿಲ್ಲ. ಸಂದರ್ಶನದಲ್ಲಿ ಅವನು ಎಲ್ಲವನ್ನೂ ಹೇಳಿಬಿಟ್ಟ. ಹೇಳುತ್ತ ಹೇಳುತ್ತ ಒಂಡಿನಜ್ಜಿಯಂತೆ ಬೆರಳುಗಳನ್ನು ಗಾಳಿಯಲ್ಲಿ ಆಡಿಸಿ ತೋರಿಸಿದ. ಮೀನಿನ ವಾಸನೆಗೆ ಮೂಗು ಮುಚ್ಚಿದ್ದ ಸಮಿತಿ ಮೂಗಿನ ಮೇಲೆ ಬೆರಳಿಟ್ಟಿತು. ಜ್ವಂಕೋಲಕ್ಕೆ ತಮ್ಮ ನಿಘಂಟಿನಲ್ಲಿ ಅರ್ಧ ಪುಟ ಕೊಟ್ಟಿದ್ದ ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಲವತ್ತು ವರ್ಷದಲ್ಲಿ ಇಂಥ ಮಾತು ಕೇಳಿರ್ಲಿಲ್ಲ," ಎಂದು ಎದ್ದು ನಿಂತರು. ಇಡೀ ಸಮಿತಿ ಎದ್ದು ಚಪ್ಪಾಳೆ ತಟ್ಟಿತು. ಟುಲ್ಲಿಯೊ ಹೊರಗೆ ಬಂದು ಗೋಡೆಗೊರಗಿ ಕಾದ.

ಐದು ನಿಮಿಷದಲ್ಲಿ ಅಧ್ಯಕ್ಷರೇ ಹೊರಬಂದು ಅವನ ಕೈ ಕುಲುಕಿದರು. "ನಿಮಗೆ ನಾವು ಋಣಿಗಳು. ಬಹುಭಾಷಾ ಮುದ್ರಣಾಲಯಗಳ ಅಚ್ಚಿನ ತಪ್ಪುಗಳ ಮೇಲೆ ಒಬ್ಬಾಕೆ ಸಂಶೋಧನೆ ಮಾಡಿದಾಳೆ. ಪುರಾವೆ ಸಾಲ್ದು ಅಂತ ಬೆಳಿಗ್ಗೆ ವಾಪಸ್ ಕಳಿಸಿದ್ವಿ. ನೀವೇ ಪುರಾವೆ ತಂದುಕೊಟ್ರಿ. ಹುದ್ದೆ ಅವಳಿಗೇ."

ಬೆಳಿಗ್ಗೆಯಿಂದ ಮನೆಗೆ ಹೋಗದೆ ಅಲ್ಲೇ ಕಾದಿದ್ದ ಆ ಸಂಶೋಧಕಿ, ಮಿರ್ತಾ ಎಂಬ ಹುಡುಗಿ, ಅವರ ಹಿಂದೆಯೇ ಬಂದು ನಾಚುತ್ತ ಟಿಪ್ಪಣಿ ಪುಸ್ತಕ ತೆರೆದಳು.

"ಸರ್, ಆ ಅಜ್ಜಿ ಎಷ್ಟನೇ ಮಹಡೀಲಿರ್ತಾರೆ?"

"ನಾಲ್ಕನೇದು," ಎಂದ ಟುಲ್ಲಿಯೊ. "ಲಿಫ್ಟ್ ಇಲ್ಲಮ್ಮ. ನಡಿ, ತೋರಿಸ್ತೀನಿ."