ಒಲ್ಲೆ ಎನ್ನುವವರ ಗಂಟೆ

ಬಹಳ ಹಿಂದೆ ಒಂದು ರಾಜ್ಯವಿತ್ತು. ಎಷ್ಟು ಹಿಂದೆ ಎಂದರೆ, ಪ್ರಜೆಗಳ ಮೇಲೆ ಕಣ್ಣಿಡಲು ಆಗಿನ್ನೂ ಮನುಷ್ಯರನ್ನೇ ನೇಮಿಸಬೇಕಿತ್ತು. ಇಣುಕಾಪುರವೆಂಬ ಆ ರಾಜ್ಯದ ಪೇಟೆಯಲ್ಲಿ ಸಂಕವ್ವ ಸುದ್ದಿ ಚಾವಡಿ ನಡೆಸುತ್ತಿದ್ದಳು. ಬಂದವರಿಗೆ ಬೆಲ್ಲ, ನೀರು, ಊರೂರಿನ ಸುದ್ದಿ ಎಲ್ಲವೂ ಪುಕ್ಕಟೆ. ಕಂಬಗಳ ಮೇಲೆ ಜಾಹೀರಾತು ಬರೆಸುವ ವರ್ತಕರೇ ದೀಪದ ಎಣ್ಣೆ ಕಳಿಸುತ್ತಿದ್ದರು. ಅವರ ಗುಮಾಸ್ತ ನಿಂಗೋಜಿ ಅಟ್ಟದ ಮೇಲೆ ಕೂತು, ಯಾರು ಯಾವ ಕಂಬ ನೋಡಿದರೆಂದು ಗಮನಿಸುತ್ತಿದ್ದ. ಚಪ್ಪಲಿಯ ಕಂಬದತ್ತ ಒಮ್ಮೆ ಕಣ್ಣು ಹಾಯಿಸಿದವನ ಹಿಂದೆ ಚಪ್ಪಲಿ ಮಾರುವವನು ಬಚ್ಚಲಿನವರೆಗೂ ಬರುತ್ತಿದ್ದ. ಚಪ್ಪಲಿ ಕೊಂಡ ಮೇಲೂ ಬರುತ್ತಿದ್ದ.

ಹೀಗಿರಲು ಕಡಲಾಚೆಯ ಐರೋಪ್ಯರು ಒಂದು ಕಟ್ಟಳೆ ತಂದರು. ತಮ್ಮ ಜನ ಯಾರ ಚಾವಡಿಗೆ ಹೋದರೂ ಸರಿ, ಕೇಳದೆ ಅವರತ್ತ ಇಣುಕಬಾರದು ಎಂದರು.

“ಇದನ್ನು ನಾವೂ ಜಾರಿಗೆ ತಂದರೆ ಪ್ರಭುಗಳ ಕೀರ್ತಿ ದಿಗಂತದಾಚೆಗೂ ಅಪ್‌ಲೋಡ್ ಆಗುತ್ತದೆ,” ಎಂದ ಮಂತ್ರಿ ಹೌದಪ್ಪಶಾಸ್ತ್ರಿ.

ಮಹಾರಾಜ ಗೋಪ್ಯವರ್ಧನ ಗಾಬರಿಯಾದ. “ನಮ್ಮ ಗೂಢಚಾರರಿಗೂ ಅನ್ವಯವೇ?”

“ಶಾಂತಂ ಪಾಪಂ! ಅವರು ಇಣುಕುವುದಿಲ್ಲ ಪ್ರಭು, ಪ್ರಜೆಗಳ ಯೋಗಕ್ಷೇಮ ವಿಚಾರಿಸುತ್ತಾರೆ.”

ಡಂಗುರ ಸಾರಲಾಯಿತು. ಪ್ರತಿ ಚಾವಡಿಯಲ್ಲೂ ಎರಡು ಗಂಟೆ ಕಟ್ಟಬೇಕು, ಇಣುಕಿದರೆ ಸರಿ ಎನ್ನುವವರಿಗೆ ‘ಒಪ್ಪಿದೆ’, ಬೇಡ ಎನ್ನುವವರಿಗೆ ‘ಒಲ್ಲೆ’. ಸಂಕವ್ವ ಎರಡನ್ನೂ ಬಾಗಿಲಲ್ಲೇ ಅಕ್ಕಪಕ್ಕ ಕಟ್ಟಿದಳು. ಬಂದವರೆಲ್ಲ ‘ಒಲ್ಲೆ’ ಬಾರಿಸಿ, ಬೆಲ್ಲ ತಿಂದು, ಸುದ್ದಿ ಕೇಳಿ ಹೋದರು. ಅಟ್ಟದಲ್ಲಿ ನಿಂಗೋಜಿಗೆ ಕೆಲಸವಿಲ್ಲ. ವರ್ತಕರು ಎಣ್ಣೆ ನಿಲ್ಲಿಸಿದರು.

“ಯಕ್ಕಾ, ಉಳಿದವ್ರು ‘ಒಪ್ಪಿದೆ’ ಗಂಟಿ ಬಾಗಲಾಗ ಕಟ್ಟಿ, ‘ಒಲ್ಲೆ’ ಗಂಟಿ ಹಿತ್ತಲ ಬಾವ್ಯಾಗ ಇಳಿಬಿಟ್ಟಾರ. ನೀನೂ ಹಂಗ ಮಾಡು,” ಎಂದ ನಿಂಗೋಜಿ.

“ಬೆಲ್ಲ ಕೊಟ್ಟ ಕೈಲೆ ಬಂದವ್ರನ್ನ ಬಾವ್ಯಾಗ ಇಳಸ್ಲೇನು? ಹೋಗೋ!” ಎಂದು ಬೈದು ಸಂಕವ್ವ ನೆಟ್ಟಗೆ ಅರಮನೆಗೆ ನಡೆದಳು. ಚಾವಡಿ ಮುಚ್ಚುವುದೆಂದರೆ ಅವಳಿಗೆ ಉಸಿರು ಕಟ್ಟಿದ ಹಾಗೆ.

“ದಣಿಯಾರ, ನೆಟ್ಟಗ ನಡದ ನನ್ನ ದೀಪ ಆರಾಕತ್ತೇತಿ. ಬಾವ್ಯಾಗ ಗಂಟಿ ಇಟ್ಟವ್ರ ಚಾವಡಿ ಝಗಝಗ ಅಂತಾವು. ನ್ಯಾಯ ಕೊಡ್ರಿ.”

ಅರಸನ ಕಣ್ಣರಳಿತು. “ಬಾವಿಯೊಳಗೇ? ಅದನ್ನು ಬಾರಿಸಲು ಯಾರೂ ಇಳಿಯುವುದಿಲ್ಲವೇ?”

“ಯಾರ್ ಇಳೀತಾರ್ರೀ? ಎಲ್ಲಾರಿಗೂ ಸುದ್ದಿ ಕೇಳೂ ಅವಸರ.”

“ಆಹಾ! ಎಂಥ ಯೂಸರ್ ಫ್ರೆಂಡ್ಲಿ ಪ್ರಜಾಪ್ರಭುತ್ವ!”

ಮರುದಿನವೇ ಗೋಪ್ಯ ರಕ್ಷಣಾ ತೆರಿಗೆ ಬಂತು, ಪ್ರಜೆಗಳ ಪೂರ್ಣ ಒಪ್ಪಿಗೆಯೊಂದಿಗೆ. ಆಸ್ಥಾನವು ಅರಸನಿಗೆ ‘ಗೋಪ್ಯ ಚಕ್ರವರ್ತಿ’ ಎಂಬ ಬಿರುದು ಕೊಟ್ಟು, ತುದಿಯಲ್ಲಿ ಚಿನ್ನದ ಗಂಟೆಯಿದ್ದ ಹೊಸ ಕಿರೀಟ ತೊಡಿಸಿತು. ಕಿರೀಟದ ಖರ್ಚೂ ತೆರಿಗೆಯಲ್ಲೇ ಸೇರಿತು.

ತೆರಿಗೆ ಕಟ್ಟುವ ಸುಂಕದ ಕಟ್ಟೆಯಲ್ಲಿ ‘ಒಪ್ಪಿದೆ’ ಗಂಟೆಯೊಂದೇ ತೂಗುತ್ತಿತ್ತು. ಸಂಕವ್ವ ಸುತ್ತಮುತ್ತ ಹುಡುಕಿದಳು. “ಒಲ್ಲೆ ಅನ್ನೂ ಗಂಟಿ ಎಲ್ಲೈತ್ರೀ?”

“ಕಡಲಾಚೆ ಐತವ್ವ,” ಎಂದ ಕಾವಲಿನವನು ವಿನಯದಿಂದ. “ಕಾನೂನು ಹುಟ್ಟಿದ ಊರಾಗ ಇಟ್ಟಾರ.”

ಸಂಕವ್ವನಿಗೆ ಸಿಟ್ಟೂ ಬಂತು, ನಗುವೂ ಬಂತು. ಎಣ್ಣೆಗೆಂದು ಸೆರಗಿನಲ್ಲಿ ಗಂಟು ಹಾಕಿದ್ದ ಕಾಸನ್ನು ತೆರಿಗೆಗೆ ಸುರಿದು, ‘ಒಪ್ಪಿದೆ’ ಬಾರಿಸಿದಳು. ಕಟ್ಟೆಯ ಅಟ್ಟದಿಂದ ಯಾರೋ ಕೆಮ್ಮಿದರು. ತಲೆಯೆತ್ತಿ ನೋಡಿದರೆ ನಿಂಗೋಜಿ, ಈಗ ಸರ್ಕಾರಿ ನೌಕರ.

ಅವಳು ಕತ್ತಲೆಯ ಚಾವಡಿ ಮುಟ್ಟುವವರೆಗೂ ಹಿಂದೆಯೇ ಒಬ್ಬ ಬರುತ್ತಿದ್ದ. ಅವನು ಎಣ್ಣೆ ಮಾರುವವನು.