ಮಗಳ ಜೊತೆ ರಾಕ್ ಶೋಗೆ ಹೋಗುವ ತಾಯಂದಿರ ನಿಲುಗಡೆ, ನಡತೆ ಹಾಗೂ ಚಪ್ಪಾಳೆ ಕುರಿತು

ಸಂಬಂಧಪಟ್ಟ ಇಲಾಖೆ, ಬ್ರೆಮೆನ್

ಸಂಖ್ಯೆ: ತಾ.ಹಿಂ.ನಿ. 15/ಚಳಿಗಾಲ/ಅಡುಗೆಮನೆ
ದಿನಾಂಕ: 9ನೇ ಫೆಬ್ರವರಿ

ಸುತ್ತೋಲೆ

ವಿಷಯ: ಹದಿನಾರು ತುಂಬದ ಮಕ್ಕಳ ಜೊತೆ ಸಂಗೀತ ಕಾರ್ಯಕ್ರಮಗಳಿಗೆ ಹೋಗುವ ತಾಯಂದಿರು ಎಲ್ಲಿ, ಹೇಗೆ, ಎಷ್ಟು ಕಾಣಿಸಿಕೊಳ್ಳಬಹುದು ಎಂಬ ಬಗ್ಗೆ.

ಉಲ್ಲೇಖ: (1) ಕುಮಾರಿ ಫೆನ್ಯಾ ಹಾರ್ಮ್ಸ್, ವಯಸ್ಸು 15, ಇವರು ಅಡುಗೆಮನೆಯಲ್ಲಿ ಬಾಯಿಮಾತಿನಲ್ಲಿ ಸಲ್ಲಿಸಿದ ದೂರು, ದಿ. 17 ಜನವರಿ.
(2) ಇವರ ತಾಯಿ ಶ್ರೀಮತಿ ಆಂಕೆ ಹಾರ್ಮ್ಸ್, ವಯಸ್ಸು 47, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ, ಬೆಳಗಿನ ಪಾಳಿ, ಇವರ ವಿವರಣೆ, ಅದೇ ದಿನ, ಅದೇ ಅಡುಗೆಮನೆ.
(3) ಸಭಾಂಗಣದ ಬಾಗಿಲು ಕಾಯುವವರ ವರದಿ, ದಿ. 6 ಫೆಬ್ರವರಿ.

ಪ್ರಸ್ತಾವನೆ:

ಹದಿನಾರು ತುಂಬದವರನ್ನು ದೊಡ್ಡವರೊಬ್ಬರು ಜೊತೆಗಿಲ್ಲದೆ ಒಳಗೆ ಬಿಡತಕ್ಕದ್ದಲ್ಲ ಎಂಬುದು ಸಭಾಂಗಣದ ನಿಯಮ. ಈ ನಿಯಮದ ಬಲದಿಂದ ಶ್ರೀಮತಿ ಆಂಕೆ ಅವರು ಎರಡು ವರ್ಷಗಳಲ್ಲಿ ಹನ್ನೊಂದು ಕಾರ್ಯಕ್ರಮಗಳಿಗೆ ಹಾಜರಾಗಿರುತ್ತಾರೆ. ಬೆಳಗ್ಗೆ ನಾಲ್ಕೂವರೆಗೆ ಏಳುವವರಿಗೆ ಇದು ಶಿಕ್ಷೆಯೆಂದೇ ಇಲಾಖೆ ಭಾವಿಸಿತ್ತು. ಆದರೆ ಆ ಹನ್ನೊಂದೂ ಕಾರ್ಯಕ್ರಮಗಳಲ್ಲಿ ಪ್ರವೇಶದ ಗುರುತಿಗೆ ಮಣಿಕಟ್ಟಿಗೆ ಸುತ್ತಿದ ಕಾಗದದ ಪಟ್ಟಿಗಳನ್ನು ಅವರು ಸಾಸಿವೆ ಬಾಟಲಿಯ ಹಿಂದೆ ಜೋಪಾನವಾಗಿ ಇಟ್ಟುಕೊಂಡಿರುವುದು ತಪಾಸಣೆಯಲ್ಲಿ ಕಂಡುಬಂದಿದೆ.

ಜನವರಿ 16ರಂದು, ತಂತಿ ಸರಿಯಿದೆಯೇ ಎಂದು ಗಿಟಾರ್ ಮಿಡಿದು ನೋಡಲು ವೇದಿಕೆಗೆ ಬಂದ ಕೆಲಸಗಾರರೊಬ್ಬರಿಗೆ ಶ್ರೀಮತಿಯವರು ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿ, "ಚಿಕ್ಕದಾದ್ರೂ ಚೆನ್ನಾಗಿತ್ತು ಕಣೇ" ಎಂದು ಅಭಿಪ್ರಾಯಪಟ್ಟಿರುತ್ತಾರೆ. "ಅಮ್ಮಾ, ಅವ್ನು ವೈರ್ ಸಿಕ್ಕಿಸೋನು. ಇನ್ಮೇಲೆ ನಾನ್ಯಾರೋ ನೀನ್ಯಾರೋ" ಎಂದು ಕುಮಾರಿಯವರು ಸ್ಥಳದಲ್ಲೇ ಆದೇಶಿಸಿದ್ದಾರೆ. ಆ ಆದೇಶವನ್ನು ಕ್ರಮಬದ್ಧಗೊಳಿಸುವ ಅಗತ್ಯ ಮನಗಂಡು, ಈ ಕೆಳಕಂಡಂತೆ ಸೂಚಿಸಲಾಗಿದೆ.

1. ತಾಯಿಯು ಮಗಳಿಂದ ಕನಿಷ್ಠ ಏಳು ಮೀಟರ್ ದೂರದಲ್ಲಿ, ಕಂಬವಿದ್ದಲ್ಲಿ ಕಂಬದ ಹಿಂದೆ ನಿಲ್ಲತಕ್ಕದ್ದು. ಕಂಬವಿಲ್ಲದ ಸಭಾಂಗಣಗಳಲ್ಲಿ ತಾಯಿಯೇ ಕಂಬದಂತೆ ವರ್ತಿಸತಕ್ಕದ್ದು.

2. ಅಕ್ಕಪಕ್ಕದ ಕನಿಷ್ಠ ಮೂವರು ಆರಂಭಿಸಿದ ನಂತರವಷ್ಟೇ ಚಪ್ಪಾಳೆ ತಟ್ಟಬಹುದು. ಆ ಮೂವರೂ ತಾಯಂದಿರೇ ಆಗಿದ್ದಲ್ಲಿ ಲೆಕ್ಕಕ್ಕಿಲ್ಲ.

3. ಸರಸರ ಸದ್ದು ಮಾಡುವ ಮಳೆ ಜಾಕೆಟ್, ಚೀಸ್ ಹಚ್ಚಿದ ಬ್ರೆಡ್ಡಿನ ಡಬ್ಬಿ, ಕಾಫಿ ಫ್ಲಾಸ್ಕ್ ಇವುಗಳನ್ನು ನಿಷೇಧಿಸಲಾಗಿದೆ. ಬೇಯಿಸಿದ ಮೊಟ್ಟೆಯನ್ನು ವಿಶೇಷವಾಗಿ ನಿಷೇಧಿಸಲಾಗಿದೆ. ಎರಡು ಹಾಡುಗಳ ನಡುವಿನ ಮೌನದಲ್ಲಿ "ಫೆನ್ಯಾ, ಹಸಿವಾದ್ರೆ ಹೇಳು ಪುಟ್ಟಾ" ಎಂದು ಕೂಗಿದ್ದು, ಅದಕ್ಕೆ ವೇದಿಕೆಯ ಮೇಲಿದ್ದ ಡ್ರಮ್ಮರ್ "ನಂಗೂ ಹಸಿವಾಗಿದೆ" ಎಂದು ಉತ್ತರಿಸಿದ್ದು ದಾಖಲೆಯಲ್ಲಿದೆ.

4. ಸಭಾಂಗಣದಲ್ಲಿ ಎಲ್ಲರೂ ಎಲ್ಲರನ್ನೂ 'ನೀನು' ಎನ್ನುವುದು ರೂಢಿ. ಪಾನೀಯ ಕೊಡುವ ಯುವತಿಯು ಶ್ರೀಮತಿ ಆಂಕೆ ಅವರೊಬ್ಬರನ್ನೇ ಆರಿಸಿ, "ನೀವು ಯಾರನ್ನ ಮನೆಗೆ ಕರ್ಕೊಂಡು ಹೋಗೋಕೆ ಬಂದ್ರಿ?" ಎಂದು ವಿಚಾರಿಸಿದ್ದನ್ನು ಗೌರವವೆಂದೇ ಪರಿಗಣಿಸತಕ್ಕದ್ದು. ಈ ಬಗ್ಗೆ ಬಚ್ಚಲಮನೆಯ ಕನ್ನಡಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿರುವುದಿಲ್ಲ.

5. 'ನಮ್ಮ ಕಾಲದಲ್ಲಿ' ಎಂದು ಆರಂಭವಾಗುವ ವಾಕ್ಯಗಳನ್ನು ತಡೆಹಿಡಿಯಲಾಗಿದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ತಾವೂ ಹಿಮದಲ್ಲಿ ಸರದಿ ನಿಂತು ಮೊದಲ ಸಾಲಿನಲ್ಲಿ ಕುಣಿದಿದ್ದಕ್ಕೆ ಪುರಾವೆಯಾಗಿ ಶ್ರೀಮತಿಯವರು ಫೋಟೋ ಒಂದನ್ನು ಹಾಜರುಪಡಿಸಿದ್ದು, ಅದರಲ್ಲಿ ಅವರ ಕೂದಲು ಹಸಿರಾಗಿದೆ. ಫೋಟೋ ಪರಿಶೀಲಿಸಿದ ಕುಮಾರಿಯವರು, "ಇದು ನೀನಾ? ಆಮೇಲೆ ಏನಾಯ್ತು?" ಎಂದು ಕೇಳಿರುತ್ತಾರೆ. ಉತ್ತರವು ಇಪ್ಪತ್ತೆಂಟು ವರ್ಷಗಳಷ್ಟು ಉದ್ದವಿರುವುದರಿಂದ ಸದರಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ.

6. ತಾಯಿಗೆ ಬರಲಾಗದಿದ್ದಲ್ಲಿ, ಹದಿನೆಂಟು ದಾಟಿದ ಬೇರೊಬ್ಬರಿಗೆ ಒಂದು ಸಂಜೆಯ ಮಟ್ಟಿಗೆ ಮಗುವಿನ ಹೊಣೆ ವಹಿಸಿಕೊಡುವ ನಮೂನೆಯೊಂದಿದೆ. ಊರೆಲ್ಲ ಅದನ್ನು 'ಅಮ್ಮನ ಚೀಟಿ' ಎನ್ನುತ್ತದೆ. ತಾಯಿಯ ಸಹಿ, ಗುರುತಿನ ಚೀಟಿಯ ನಕಲು ಕಡ್ಡಾಯ. ಫೆಬ್ರವರಿ 6ರ ಕಾರ್ಯಕ್ರಮಕ್ಕಾಗಿ ಕುಮಾರಿ ಫೆನ್ಯಾ ಅವರು ತಮ್ಮ ದೊಡ್ಡಮ್ಮನ ಮಗ ಮಾಲ್ಟೆ (19) ಹೆಸರಿನಲ್ಲಿ ಚೀಟಿ ತುಂಬಿ ತಂದು, "ಸಹಿ ಹಾಕಮ್ಮ, ನಿಂಗೂ ರೆಸ್ಟ್ ಸಿಗತ್ತೆ" ಎಂದರು. "ಸದ್ಯ, ಬದುಕಿದೆ" ಎಂದು ನಕ್ಕು ಸಹಿ ಮಾಡಿದ ಶ್ರೀಮತಿಯವರು ನಕಲನ್ನೂ ತಾವೇ ಲಗತ್ತಿಸಿದರು. ಅದು ನವೆಂಬರಿನಲ್ಲೇ ಮೂಲೆ ಕತ್ತರಿಸಿ ರದ್ದುಪಡಿಸಿದ ಹಳೆಯ ಗುರುತಿನ ಚೀಟಿಯ ನಕಲು. ಹೊಸ ಚೀಟಿ ಅದೇ ಡ್ರಾಯರಿನಲ್ಲಿ, ಹಳೆಯದರ ಮೇಲೆಯೇ ಇತ್ತು.

ಬಾಗಿಲು ಕಾಯುವವರು ನಕಲನ್ನು ದೀಪಕ್ಕೆ ಹಿಡಿದು, "ಈ ಅಮ್ಮನ ಅವಧಿ ಮುಗಿದಿದೆಯಲ್ಲಮ್ಮ, ಬೇರೆ ತಗೊಂಡ್ಬಾ" ಎಂದು ವಾಪಸು ಕಳುಹಿಸಿದರು. ಏಳೂ ನಲವತ್ತಕ್ಕೆ ತಾಯಿಗೆ ಫೋನು ಹೋಯಿತು. ಏಳೂ ನಲವತ್ತನಾಲ್ಕಕ್ಕೆ ತಾಯಿ ಬಾಗಿಲಲ್ಲಿದ್ದರು. ಮನೆಯಿಂದ ಸಭಾಂಗಣಕ್ಕೆ ಟ್ರಾಮಿನಲ್ಲಿ ಮೂವತ್ತೊಂದು ನಿಮಿಷ ಬೇಕೆಂಬುದನ್ನು ಇಲಾಖೆ ಗಮನಿಸಿದೆ.

"ಇಲ್ಲೇ ವಾಕಿಂಗ್ ಬಂದಿದ್ದೆ" ಎಂಬುದು ಶ್ರೀಮತಿಯವರ ಹೇಳಿಕೆ. ಅಂದಿನ ಚಳಿ ಸೊನ್ನೆಗಿಂತ ಆರು ಡಿಗ್ರಿ ಕೆಳಗಿತ್ತು. "ಬೇಕು ಅಂತ್ಲೇ ಮಾಡಿದೀಯ" ಎಂಬುದು ಕುಮಾರಿಯವರ ಹೇಳಿಕೆ. "ಡ್ರಾಯರಲ್ಲಿ ಕತ್ತಲಿತ್ತು" ಎಂಬುದು ಮರುಹೇಳಿಕೆ. "ಚಿಕ್ಕಮ್ಮ ಕಂಬದ ಹಿಂದೆ ನಿಂತಿದ್ರು. ತುಟಿ ಮಾತ್ರ ಆಡ್ತಿತ್ತು. ಎಲ್ಲಾ ಹಾಡೂ ಬಾಯಿಪಾಠ" ಎಂಬುದು ಮಾಲ್ಟೆ ಅವರ ಸಾಕ್ಷ್ಯ, ಇದನ್ನು ಯಾರೂ ಕೇಳಿರಲಿಲ್ಲ. ನಡೆದದ್ದು ಅಚಾತುರ್ಯವೋ ಉದ್ದೇಶವೋ ತೀರ್ಮಾನವಾಗದ ಕಾರಣ ಎರಡಕ್ಕೂ ಪ್ರತ್ಯೇಕವಾಗಿ ಎಚ್ಚರಿಕೆ ನೀಡಲಾಗಿದೆ.

7. ಮಾರ್ಚ್ 21ಕ್ಕೆ ಕುಮಾರಿ ಫೆನ್ಯಾ ಅವರಿಗೆ ಹದಿನಾರು ತುಂಬುತ್ತದೆ. ಅಂದಿನಿಂದ ನಡುರಾತ್ರಿಯವರೆಗಿನ ಕಾರ್ಯಕ್ರಮಗಳಿಗೆ ಅವರಿಗೆ ಯಾವ ಚೀಟಿಯೂ ಬೇಡ, ಯಾವ ಅಮ್ಮನೂ ಬೇಡ. ಆದ್ದರಿಂದ 'ಜೊತೆಗಾರ ತಾಯಿ' ಎಂಬ ಹುದ್ದೆಯನ್ನು ಸದರಿ ದಿನಾಂಕದಿಂದ ರದ್ದುಪಡಿಸಲಾಗಿದೆ. ಈವರೆಗೆ ನಿಂತಿದ್ದಕ್ಕಾಗಿ ಪ್ರಶಂಸಾ ಪತ್ರವಾಗಲಿ, ಮೊಣಕಾಲು ಭತ್ಯೆಯಾಗಲಿ ಇರುವುದಿಲ್ಲ.

8. ಮಾರ್ಚ್ 28ರ ಕಾರ್ಯಕ್ರಮಕ್ಕೆ ತಮಗೂ ಬರಲು ಅನುಮತಿ ಬೇಕೆಂದು ಶ್ರೀಮತಿ ಆಂಕೆ ಅವರು ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಮನವಿ ಸಲ್ಲಿಸಿದ್ದಾರೆ. ಕುಮಾರಿಯವರು ಬಹಳ ಹೊತ್ತು ಫೋನು ನೋಡಿ, ಕೆಳಕಂಡ ಷರಾ ಬರೆಸಿರುತ್ತಾರೆ: "ಬಾ. ನಿನ್ ಟಿಕೆಟ್ ನೀನೇ ತಗೋ. ನನ್ ಟ್ರಾಮಲ್ಲಿ ಹತ್ಬೇಡ, ಮುಂದಿನದ್ರಲ್ಲಿ ಬಾ." ಷರತ್ತುಗಳನ್ನು ಶ್ರೀಮತಿಯವರು ಚರ್ಚೆಯಿಲ್ಲದೆ ಒಪ್ಪಿ, ಕೈಯ ಸೋಪಿನ ನೊರೆ ಆರುವ ಮುನ್ನವೇ ಟಿಕೆಟ್ ಕೊಂಡಿರುತ್ತಾರೆ. ಅವರನ್ನು ಅಂದು 'ಸಾರ್ವಜನಿಕರು' ಎಂದು ಪರಿಗಣಿಸಲಾಗುವುದು.

(ಸಹಿ ಸ್ಪಷ್ಟವಿಲ್ಲ)
ಅಧೀನ ಕಾರ್ಯದರ್ಶಿ
ತಾಯಂದಿರ ಹಿಂಬದಿ ನಿಲುಗಡೆ ವಿಭಾಗ

ಪ್ರತಿಗಳು:
1. ಕುಮಾರಿ ಫೆನ್ಯಾ ಹಾರ್ಮ್ಸ್: ಮಾಹಿತಿಗಾಗಿ, ಹೆಡ್‌ಫೋನ್ ತೆಗೆದ ಬಳಿಕ.
2. ಶ್ರೀ ಮಾಲ್ಟೆ: ಕೇಳದೆ ಸಾಕ್ಷ್ಯ ನುಡಿಯದಿರಲು ಸೂಚನೆಯೊಂದಿಗೆ.
3. ಬೆಳಗಿನ ಪಾಳಿಯ ಮೇಲ್ವಿಚಾರಕರು: ಮಾರ್ಚ್ 29ರಂದು ಒಗೆಯುವ ಯಂತ್ರಗಳ ನಡುವೆ ಕೇಳಿಬರುವ ಗುನುಗನ್ನು ಯಂತ್ರದ ದೋಷವೆಂದು ದಾಖಲಿಸದಿರಲು.
4. ಎರಡನೇ ಟ್ರಾಮಿನ ಚಾಲಕರು: ಶ್ರೀಮತಿ ಆಂಕೆ ಅವರು ಎಷ್ಟೇ ಕೇಳಿಕೊಂಡರೂ ಮೊದಲನೇ ಟ್ರಾಮನ್ನು ಹಿಂದಿಕ್ಕತಕ್ಕದ್ದಲ್ಲ.